ಹೆಸರಿನ ಹೊಣೆ

ಶಿಷ್ಯೆ: ಮೇಷ್ಟ್ರೇ, ತಮ್ಮಲ್ಲಿ ಒಂದು ತೊಡಕನ್ನು ನಿವೇದಿಸಿಕೊಳ್ಳಬೇಕೆಂದು ಬಂದೆ. ನಾನು ಕೆಲಸ ಮಾಡುವ ಆಡಿಟರ್ ಕಚೇರಿಗೆ ಮಂಡ್ಯದಲ್ಲಿ ಮುಖ್ಯ ಕಾರ್ಯಾಲಯ, ಮದ್ದೂರು ಮಳವಳ್ಳಿಗಳಲ್ಲಿ ಒಂದೊಂದು ಶಾಖೆ. ಮೂರನ್ನೂ ವಿಪಿಎನ್ ಮೂಲಕ ಒಂದೇ ಜಾಲವಾಗಿ ಹೊಂದಿಸಿದ್ದಾರೆ. ಕಡತಗಳನ್ನಿಡುವ ಸರ್ವರನ್ನು ಈಚೆಗೆ ಬದಲಾಯಿಸಿದರು. ಅಂದಿನಿಂದ ಮೂರೂ ಊರುಗಳಿಂದ ದೂರು. ಬಂದು ನೋಡಿದವರೆಲ್ಲ ‘ಡಿಎನ್‌ಎಸ್ ಕೆಟ್ಟಿದೆ’ ಎಂದು ಹೇಳಿ, ಯಂತ್ರಗಳನ್ನು ಆಫ್ ಮಾಡಿ ಆನ್ ಮಾಡಿ ಹೋಗುತ್ತಾರೆ; ಸ್ವಲ್ಪ ಹೊತ್ತು ಸರಿಹೋದಂತೆ ಕಂಡು ಮತ್ತೆ ಮೊದಲಿನಂತೆಯೇ ಆಗುತ್ತದೆ. ವರ್ತಕರ ಜಿಎಸ್‌ಟಿ ರಿಟರ್ನುಗಳನ್ನು ತಿಂಗಳ ಇಪ್ಪತ್ತರೊಳಗೆ ಸಲ್ಲಿಸಲೇಬೇಕಾದ ಕಚೇರಿಗೆ ಇದು ಸಣ್ಣ ತೊಂದರೆಯಲ್ಲ.

ಮೇಷ್ಟ್ರು: ‘ಡಿಎನ್‌ಎಸ್ ಕೆಟ್ಟಿದೆ’ ಎಂಬುದು ನಿರ್ಣಯವಲ್ಲಮ್ಮಾ, ನಿರ್ಣಯಕ್ಕೆ ಮುಂಚೆ ಆಡುವ ಮಾತು. ಯಾವ ಊರಿನಲ್ಲಿ ಕುಳಿತು, ಯಾವ ಹೆಸರನ್ನು, ಯಾವ ಸರ್ವರನ್ನು ಕೇಳಿದಾಗ, ಏನೆಂದು ಉತ್ತರ ಬಂತು ಎಂಬ ನಾಲ್ಕು ಅಂಶಗಳೂ ಕೈಗೆ ಬಂದ ಮೇಲೆ ಮಾತ್ರ ದೋಷದ ಮಾತು ಎತ್ತತಕ್ಕದ್ದು. ಮೂರೂರಿನ ದೂರನ್ನು ಒಂದರೊಳಗೊಂದು ಬೆರೆಸದೆ, ಬೇರೆ ಬೇರೆಯಾಗಿ ಹೇಳು.

ಶಿಷ್ಯೆ: ಮಂಡ್ಯದಲ್ಲಿ ಹೊರಗಿನ ತಾಣಗಳೂ ತೆರೆಯುತ್ತವೆ, ಒಳಗಿನ ಹಳೆಯ ಹೆಸರುಗಳೂ ಸಿಕ್ಕುತ್ತವೆ, ಹೊಸದಾಗಿ ಸೇರಿಸಿದ ‘ಲೆಕ್ಕ’ ಎಂಬ ಹೆಸರೊಂದು ಮಾತ್ರ ಸಿಕ್ಕುವುದಿಲ್ಲ. ಮದ್ದೂರಿನಲ್ಲಿ ಒಳಗಿನ ಹೆಸರುಗಳಿಗೆ ಉತ್ತರ ಬರುತ್ತದೆ, ಹೊರಗಿನ ಒಂದು ಹೆಸರಿಗೂ ಬರುವುದಿಲ್ಲ; ಸಾಲದೆಂಬಂತೆ, ಅಲ್ಲಿ ‘ಕಡತ’ ಎಂದು ಕರೆದರೆ ಕಡತದ ಸರ್ವರಿಗೆ ಬದಲಾಗಿ ಮಂಡ್ಯದ ಪ್ರಿಂಟರಿನ ಪುಟ ತೆರೆದುಕೊಳ್ಳುತ್ತದೆ. ಮಳವಳ್ಳಿಯಲ್ಲಿ ಹೊರಗಿನದೆಲ್ಲವೂ ನಿರಾತಂಕ. ಒಳಗಿನ ಹೆಸರು ಬೆಳಿಗ್ಗೆ ಸಿಕ್ಕಿದರೆ ಮಧ್ಯಾಹ್ನ ಸಿಕ್ಕುವುದಿಲ್ಲ.

ಮೇಷ್ಟ್ರು: ಹೀಗೆ ವಿಂಗಡಿಸಿದಾಗಲೇ ಅರ್ಧ ಕೆಲಸ ಮುಗಿಯಿತು. ಒಂದೇ ದೋಷವಾಗಿದ್ದರೆ ಲಕ್ಷಣಗಳು ಇಷ್ಟು ಭಿನ್ನವಾಗಿರುತ್ತಿರಲಿಲ್ಲ. ಇಲ್ಲಿರುವುದು ಒಂದಕ್ಕಿಂತ ಹೆಚ್ಚು ದೋಷ. ಆದರೆ ಅವುಗಳನ್ನು ಹುಡುಕುವುದಕ್ಕೆ ಮುಂಚೆ, ಡಿಎನ್‌ಎಸ್ ಎಂಬ ಈ ವ್ಯವಸ್ಥೆ ಯಾವ ತತ್ತ್ವದ ಮೇಲೆ ನಿಂತಿದೆಯೆಂಬುದು ಮನಸ್ಸಿನಲ್ಲಿ ಸ್ಪಷ್ಟವಾಗಿರಬೇಕು.

ಶಿಷ್ಯೆ: ಹೆಸರನ್ನು ಸಂಖ್ಯೆಗೆ ಪರಿವರ್ತಿಸಿಕೊಡುವ ಪಟ್ಟಿ ಅದು ಎಂದು ನಾನು ತಿಳಿದಿದ್ದೇನೆ.

ಮೇಷ್ಟ್ರು: ಮೊದಲು ಅದು ನಿಜವಾಗಿಯೂ ಒಂದು ಪಟ್ಟಿಯೇ ಆಗಿತ್ತು. ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್ಟಿನ ಕಾಲದಲ್ಲಿ ಕ್ಯಾಲಿಫೋರ್ನಿಯದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ, ಎಲಿಜಬೆತ್ ಫೈನ್ಲರ್ ಎಂಬಾಕೆಯ ನೇತೃತ್ವದ ಚಿಕ್ಕ ತಂಡವೊಂದು ಜಾಲದ ಎಲ್ಲ ಯಂತ್ರಗಳ ಹೆಸರು ಸಂಖ್ಯೆಗಳನ್ನು ಒಂದೇ ಕಡತದಲ್ಲಿ ಬರೆದಿಡುತ್ತಿತ್ತು. ಎಲ್ಲರೂ ಅದರ ಪ್ರತಿಯನ್ನು ತರಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಿದಂತೆಲ್ಲ ಪಟ್ಟಿ ಬೆಳೆಯಿತು. ಒಬ್ಬರು ಬರೆದು ಮುಗಿಸುವಷ್ಟರಲ್ಲಿ ಇನ್ನೊಬ್ಬರ ಹೆಸರು ಬದಲಾಗುವಂತಾಯಿತು. ಆಗ, 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಬೇರೊಂದು ಮಾರ್ಗವನ್ನು ಸೂಚಿಸಿದ. 1987ರ ನವೆಂಬರಿನಲ್ಲಿ ಆರ್‌ಎಫ್‌ಸಿ 1034, 1035 ಎಂಬ ಎರಡು ಲೇಖ್ಯಗಳಲ್ಲಿ ಅದು ಇಂದಿಗೂ ನಡೆಯುತ್ತಿರುವ ರೂಪವನ್ನು ತಾಳಿತು. ಅದರ ಸಾರವಿಷ್ಟು: ಪಟ್ಟಿಯನ್ನು ಒಬ್ಬರ ಬಳಿ ಇಡಕೂಡದು, ಹೆಸರುಗಳನ್ನು ವಲಯಗಳಾಗಿ ಭಾಗಮಾಡಿ, ಒಂದೊಂದು ವಲಯಕ್ಕೆ ಉತ್ತರ ಕೊಡುವ ಹೊಣೆಯನ್ನು ಒಬ್ಬೊಬ್ಬರಿಗೆ ಒಪ್ಪಿಸಿಬಿಡಬೇಕು. ಇದನ್ನು ಪಟ್ಟಿಯೆಂದು ಭಾವಿಸಿದವರು ತಪ್ಪು ಸ್ಥಳದಲ್ಲಿ ಹುಡುಕುತ್ತಾರೆ. ಹೊಣೆಗಾರಿಕೆಯ ಸರಪಳಿಯೆಂದು ಭಾವಿಸಿದವರು ಸರಿಯಾದ ಸ್ಥಳಕ್ಕೆ ಹೋಗಿ ನಿಲ್ಲುತ್ತಾರೆ.

ಶಿಷ್ಯೆ: ಆ ಸರಪಳಿಯನ್ನು ಒಂದು ನಿದರ್ಶನದಿಂದ ತೋರಿಸಬೇಕು.

ಮೇಷ್ಟ್ರು: ನಮ್ಮ ಜಿಲ್ಲೆಗೆ ಹೊಂದುವ ಹೆಸರನ್ನೇ ತೆಗೆದುಕೊಳ್ಳೋಣ. ಪಹಣಿಯನ್ನು ಕಂಪ್ಯೂಟರಿನಿಂದ ಕೊಡುವ ‘ಭೂಮಿ’ ಯೋಜನೆಯನ್ನು ಮೊಟ್ಟಮೊದಲು ಪ್ರಯೋಗಿಸಿ ನೋಡಿದ ತಾಲ್ಲೂಕುಗಳಲ್ಲಿ ಮದ್ದೂರೂ ಒಂದಷ್ಟೆ. ಇಂದು ರೈತ ಆ ದಾಖಲೆಗಾಗಿ ತೆರೆಯುವ ತಾಣದ ಹೆಸರು ‘ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಇದನ್ನು ಬಲಗಡೆಯಿಂದ ಓದಬೇಕು. ಎಲ್ಲಕ್ಕಿಂತ ಮೇಲೆ ಬೇರುವಲಯ. ಅದಕ್ಕೆ ಎ ಯಿಂದ ಎಂ ವರೆಗೆ ಹದಿಮೂರು ಹೆಸರಿನ ಸರ್ವರುಗಳಿವೆ. ಅವಕ್ಕೆ ಪಹಣಿಯ ವಿಳಾಸ ಗೊತ್ತಿಲ್ಲ. ‘ಇನ್’ ವಲಯಕ್ಕೆ ಯಾರು ಹೊಣೆಯೆಂಬುದು ಮಾತ್ರ ಗೊತ್ತು. ‘ಇನ್’ ವಲಯವನ್ನು ನಿಕ್ಸಿ ಎಂಬ ಸಂಸ್ಥೆ ನಿರ್ವಹಿಸುತ್ತದೆ. ಅಲ್ಲಿಂದ ‘ಗವ್ ಡಾಟ್ ಇನ್’ ವಲಯಕ್ಕೆ ಹೋಗು ಎಂದು ದಾರಿ ತೋರಿಸುತ್ತಾರೆ, ಅದನ್ನು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ನೋಡಿಕೊಳ್ಳುತ್ತದೆ. ಹೀಗೆ ಒಬ್ಬೊಬ್ಬರೂ ತಮಗೆ ತಿಳಿದಷ್ಟನ್ನು ಹೇಳಿ, ತಿಳಿಯದುದಕ್ಕೆ ಮುಂದಿನವರನ್ನು ತೋರಿಸುತ್ತಾ ಹೋಗುವುದರಿಂದ, ಪ್ರಪಂಚದ ಯಾವ ಮೂಲೆಯಲ್ಲೂ ಸಂಪೂರ್ಣ ಪಟ್ಟಿ ಇಲ್ಲದಿದ್ದರೂ ಮದ್ದೂರಿನ ರೈತ ಕೇಳಿದ ಹೆಸರಿಗೆ ಕ್ಷಣದೊಳಗೆ ಸಂಖ್ಯೆ ಸಿಕ್ಕುತ್ತದೆ.

ಶಿಷ್ಯೆ: ಪ್ರತಿಯೊಂದು ಸಲವೂ ಇಷ್ಟು ದೂರ ಹೋಗಿಬರುವುದೇ?

ಮೇಷ್ಟ್ರು: ಇಲ್ಲ. ನಿನ್ನ ಪರವಾಗಿ ಹೋಗಿ ಕೇಳಿಬರುವ ಸರ್ವರು ತಾನು ಕೇಳಿದ್ದನ್ನು ನೆನಪಿಟ್ಟುಕೊಳ್ಳುತ್ತದೆ, ಎಷ್ಟು ಹೊತ್ತು ನೆನಪಿಡಬಹುದೆಂಬುದನ್ನು ಉತ್ತರ ಕೊಟ್ಟವರೇ ಸೆಕೆಂಡುಗಳ ಲೆಕ್ಕದಲ್ಲಿ ಹೇಳಿಕಳುಹಿಸುತ್ತಾರೆ, ಅದೇ ಟಿಟಿಎಲ್. 86400 ಎಂದಿದ್ದರೆ ಒಂದು ದಿನ, 300 ಎಂದಿದ್ದರೆ ಐದು ನಿಮಿಷ. ಇಲ್ಲಿ ಎರಡು ಪಾತ್ರಗಳನ್ನು ಬೇರೆಯಾಗಿ ಗುರುತಿಸಬೇಕು: ವಲಯಕ್ಕೆ ಅಧಿಕಾರದಿಂದ ಉತ್ತರಿಸುವವನೊಬ್ಬ, ಇತರರನ್ನು ಕೇಳಿ ತಂದು ಹೇಳುವವನೊಬ್ಬ. ನಿಮ್ಮಂಥ ಸಣ್ಣ ಕಚೇರಿಗಳಲ್ಲಿ ಒಂದೇ ಯಂತ್ರ ಈ ಎರಡು ಪಾತ್ರಗಳನ್ನೂ ವಹಿಸುವುದರಿಂದಲೇ ಗೊಂದಲವೆಲ್ಲ ಹುಟ್ಟುವುದು.

ಶಿಷ್ಯೆ: ಹಾಗಾದರೆ ಹುಡುಕಾಟವನ್ನು ಮೇಲಿನಿಂದ ಆರಂಭಿಸಬೇಕೋ, ಕೆಳಗಿನಿಂದಲೋ?

ಮೇಷ್ಟ್ರು: ನೀನು ಮಳವಳ್ಳಿಯ ಕಡೆಯ ರೈತರ ಮನೆಯ ಹುಡುಗಿ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದವರ ಕಷ್ಟ ನಿನಗೆ ಹೊಸದಲ್ಲ. ಗದ್ದೆಗೆ ನೀರು ಬರಲಿಲ್ಲವೆಂದೊಡನೆ ಕನ್ನಂಬಾಡಿಯಲ್ಲಿ ನೀರಿಲ್ಲವೆಂದು ಯಾರೂ ತೀರ್ಮಾನಿಸುವುದಿಲ್ಲ. ಮೊದಲು ತಮ್ಮ ಗದ್ದೆಯ ತೂಬನ್ನು ನೋಡುತ್ತಾರೆ. ಅದು ತೆರೆದಿದ್ದರೆ ಕಿರುಗಾಲುವೆಯ ಗುಂಟ ನಡೆದು ಹೋಗಿ, ಉಪನಾಲೆಯ ಗೇಟಿನ ಬಳಿ ನೀರುಗಂಟಿಯನ್ನು ಕೇಳುತ್ತಾರೆ. ಅಲ್ಲಿಯೂ ನೀರಿಲ್ಲದಿದ್ದರೆ ಮಾತ್ರ ಹುಲಿಕೆರೆಯ ಸುರಂಗದ ಮಾತು, ಅಣೆಕಟ್ಟಿನ ಮಾತು. ಒಂದೊಂದು ಘಟ್ಟದಲ್ಲಿಯೂ ನಿಂತು, ಇಲ್ಲಿಯವರೆಗೆ ಬಂದಿದೆಯೇ ಎಂದು ಕಣ್ಣಾರೆ ಕಂಡು ಮುಂದೆ ಹೋಗುವ ಆ ಕ್ರಮವನ್ನೇ ಇಲ್ಲಿಯೂ ಅನುಸರಿಸತಕ್ಕದ್ದು. ವ್ಯತ್ಯಾಸವೆಂದರೆ, ಇಲ್ಲಿ ಪ್ರತಿಯೊಬ್ಬರನ್ನೂ ಕುಳಿತಲ್ಲಿಂದಲೇ ಹೆಸರು ಹಿಡಿದು ಪ್ರಶ್ನಿಸಬಹುದು.

ಶಿಷ್ಯೆ: ಅದಕ್ಕೆ ‘ಡಿಗ್’ ಎಂಬ ಸಾಧನವಿದೆಯೆಂದು ಬಲ್ಲೆ. ವಿಂಡೋಸಿನಲ್ಲಿ ‘ಎನ್‌ಎಸ್‌ಲುಕಪ್’.

ಮೇಷ್ಟ್ರು: ಸರಿ. ಆದರೆ ಮೊದಲು ಮಾಡತಕ್ಕದ್ದು ಅದಲ್ಲ. ಸಂಖ್ಯೆಯಿಂದ ಕರೆದರೆ ಆ ಯಂತ್ರ ಸಿಕ್ಕುತ್ತದೆಯೇ ಎಂದು ನೋಡಬೇಕು. ಹೊಸ ಸರ್ವರಿನ ಸಂಖ್ಯೆ ಏನು?

ಶಿಷ್ಯೆ: 192.168.10.15. ಮೂರೂ ಊರುಗಳಿಂದ ಪಿಂಗ್ ಮಾಡಿ ನೋಡಿದೆ, ಉತ್ತರ ಬರುತ್ತದೆ. ಹಳೆಯದರ ಸಂಖ್ಯೆ 192.168.10.5 ಆಗಿತ್ತು, ಅದನ್ನು ಆಮೇಲೆ ಪ್ರಿಂಟರಿಗೆ ಕೊಟ್ಟರು.

ಮೇಷ್ಟ್ರು: ಆದಕಾರಣ ತಂತಿ, ಮಾರ್ಗ, ವಿಪಿಎನ್ ಇವು ನಿರ್ದೋಷಿಗಳು, ತೊಡಕು ಹೆಸರಿನದೇ ಎಂದು ಈಗ ಧೈರ್ಯವಾಗಿ ಹೇಳಬಹುದು. ಎರಡನೆಯ ಹೆಜ್ಜೆ: ಈ ಯಂತ್ರ ಯಾರನ್ನು ಕೇಳುತ್ತಿದೆ? ವಿಂಡೋಸಿನಲ್ಲಿ ‘ಐಪಿಕಾನ್ಫಿಗ್’ ಆಜ್ಞೆಗೆ ‘ಆಲ್’ ಸೇರಿಸಿ ಕೊಟ್ಟರೆ ಡಿಎನ್‌ಎಸ್ ಸರ್ವರುಗಳ ಸಾಲು ಕಾಣುತ್ತದೆ. ಮೂರನೆಯ ಹೆಜ್ಜೆ: ಆ ಸಾಲಿನಲ್ಲಿರುವ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ, ಡಿಗ್ ಆಜ್ಞೆಯಲ್ಲಿ ಅವರ ಸಂಖ್ಯೆಯನ್ನು ನಮೂದಿಸಿ, ಅದೇ ಪ್ರಶ್ನೆಯನ್ನು ಕೇಳುವುದು. ಇಷ್ಟು ಮಾಡಿದವರಿಗೆ ಉತ್ತರ ಬಾರದಿದ್ದರೂ ಉತ್ತರದ ಸ್ವರೂಪವೇ ದೋಷದ ಸ್ಥಾನವನ್ನು ಹೇಳಿಕೊಡುತ್ತದೆ.

ಶಿಷ್ಯೆ: ಸಿಕ್ಕಲಿಲ್ಲವೆಂದರೆ ಸಿಕ್ಕಲಿಲ್ಲವಷ್ಟೆ, ಅದರಲ್ಲಿ ಸ್ವರೂಪಭೇದ ಎಲ್ಲಿಂದ ಬಂತು?

ಮೇಷ್ಟ್ರು: ಎಲ್ಲ ಜಾಣ್ಮೆಯೂ ಇರುವುದು ಅಲ್ಲಿಯೇ. ಉತ್ತರದ ತಲೆಯಲ್ಲಿ ಒಂದು ಸ್ಥಿತಿಪದವಿರುತ್ತದೆ. ‘ಎನ್‌ಎಕ್ಸ್‌ಡೊಮೇನ್’ ಎಂದಿದ್ದರೆ, ಆ ಹೆಸರೇ ಇಲ್ಲವೆಂದು ಬಲ್ಲವನು ಖಚಿತವಾಗಿ ಹೇಳಿದ್ದಾನೆ. ಅದು ಸೋಲಲ್ಲ, ನಿಶ್ಚಿತವಾದ ಉತ್ತರ. ‘ಸರ್ವ್‌ಫೇಲ್’ ಎಂದಿದ್ದರೆ, ಕೇಳಿಬರಲು ಹೋದವನಿಗೆ ದಾರಿಯಲ್ಲಿ ಏನೋ ವಿಘ್ನವಾಗಿದೆ, ಅಥವಾ ಬಂದ ಉತ್ತರವನ್ನು ಅವನು ನಂಬಲಾರದೆ ಹೋಗಿದ್ದಾನೆ. ‘ರಿಫ್ಯೂಸ್ಡ್’ ಎಂದಿದ್ದರೆ, ನಿನಗೆ ಉತ್ತರ ಕೊಡಲು ತನಗೆ ಅನುಮತಿಯಿಲ್ಲ ಎನ್ನುತ್ತಿದ್ದಾನೆ. ಶಾಖೆಯ ಜಾಲದ ಸಂಖ್ಯೆಗಳನ್ನು ಮುಖ್ಯ ಸರ್ವರಿನ ಅನುಮತಿಯ ಪಟ್ಟಿಗೆ ಸೇರಿಸಲು ಮರೆತ ಕಡೆಗಳಲ್ಲೆಲ್ಲ ಇದೇ ಉತ್ತರ. ಇನ್ನು ಉತ್ತರವೇ ಬಾರದೆ ಕಾಲ ಮೀರಿದರೆ, ಸರ್ವರು ನಡೆಯುತ್ತಿಲ್ಲ, ಇಲ್ಲವೇ 53ನೆಯ ಪೋರ್ಟನ್ನು ಫೈರ್‌ವಾಲ್ ಮುಚ್ಚಿದೆ. ಅದರಲ್ಲಿಯೂ ಯುಡಿಪಿ ತೆರೆದು ಟಿಸಿಪಿ ಮುಚ್ಚಿದ್ದರೆ ಚಿಕ್ಕ ಉತ್ತರಗಳು ಬಂದು ದೊಡ್ಡ ಉತ್ತರಗಳು ಮಾತ್ರ ನಿಂತುಹೋಗುತ್ತವೆ. ಈ ನಾಲ್ಕನ್ನೂ ‘ನೆಟ್ ಬರುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಮುಳುಗಿಸಿಬಿಟ್ಟರೆ ಪರಿಹಾರದ ದಾರಿಯೂ ಅದರೊಡನೆ ಮುಳುಗಿಹೋಗುತ್ತದೆ. ಈಗ ಹೇಳು, ಮಂಡ್ಯದಲ್ಲಿ ‘ಲೆಕ್ಕ’ದ ಹೆಸರಿಗೆ ಏನು ಬಂತು?

ಶಿಷ್ಯೆ: ಪರದೆಯನ್ನು ಮುದ್ರಿಸಿಕೊಂಡು ಬಂದಿದ್ದೇನೆ. ಸ್ಥಿತಿ ಎನ್‌ಎಕ್ಸ್‌ಡೊಮೇನ್. ಆದರೆ ಉತ್ತರದ ಭಾಗದಲ್ಲಿ ಒಂದು ಸಾಲೂ ಇದೆ. ಇಲ್ಲವೆಂದು ಹೇಳಿಯೂ ಏನನ್ನೋ ಕೊಟ್ಟಿದೆ.

ಮೇಷ್ಟ್ರು: ಆ ಸಾಲನ್ನು ಕೊನೆಯವರೆಗೆ ಓದು.

ಶಿಷ್ಯೆ: ‘ಲೆಕ್ಕ’ ಎಂಬುದು ‘ಹೊಸ ಡಾಟ್ ಕಚೇರಿ ಡಾಟ್ ಇಂಟರ್ನಲ್ ಡಾಟ್ ಕಚೇರಿ ಡಾಟ್ ಇಂಟರ್ನಲ್’ ಎಂಬುದರ ಉಪನಾಮ, ಎಂದಿದೆ. ಅಯ್ಯೋ, ‘ಕಚೇರಿ ಡಾಟ್ ಇಂಟರ್ನಲ್’ ಎಂಬ ನಮ್ಮ ವಲಯದ ಹೆಸರು ಎರಡು ಸಲ ಬಂದಿದೆ!

ಮೇಷ್ಟ್ರು: ವಲಯದ ಕಡತದಲ್ಲಿ ಪೂರ್ಣ ಹೆಸರನ್ನು ಬರೆದಾಗ ಅದರ ಕೊನೆಗೆ ಒಂದು ಬಿಂದುವನ್ನು ಇಡಬೇಕೆಂಬ ನಿಯಮವಿದೆ. ಹೆಸರು ಇಲ್ಲಿಗೆ ಪೂರ್ಣವಾಯಿತೆಂದು ಆ ಬಿಂದು ಸಾರುತ್ತದೆ. ಅದಿಲ್ಲದಿದ್ದರೆ ಸರ್ವರು ಹೆಸರು ಅಪೂರ್ಣವೆಂದು ಭಾವಿಸಿ ವಲಯದ ಹೆಸರನ್ನು ತಾನೇ ಜೋಡಿಸುತ್ತದೆ. ‘ಹೊಸ’ ಎಂದಷ್ಟೇ ಬರೆದಿದ್ದರೂ ಸರಿಯಾಗುತ್ತಿತ್ತು. ಪೂರ್ಣ ಹೆಸರು ಬರೆದು ಬಿಂದುವನ್ನಿಟ್ಟಿದ್ದರೂ ಸರಿಯಾಗುತ್ತಿತ್ತು. ಎರಡರ ನಡುವೆ ನಿಂತದ್ದರಿಂದ ಕೆಟ್ಟಿತು. ಉಪನಾಮ ಇದೆ, ಅದು ತೋರಿಸುವ ಮೂಲನಾಮ ಇಲ್ಲ. ಆದ್ದರಿಂದಲೇ ಒಂದು ಸಾಲನ್ನು ಕೊಟ್ಟೂ ಇಲ್ಲವೆನ್ನುತ್ತದೆ. ನಿಮ್ಮ ಡಿಎನ್‌ಎಸ್ ಸರ್ವರುಗಳಲ್ಲಿ ನಡೆಯುವ ಬೈಂಡ್ ತಂತ್ರಾಂಶದೊಡನೆ ಬರುವ ‘ನೇಮ್ಡ್-ಚೆಕ್‌ಜೋನ್’ ಎಂಬ ಪರೀಕ್ಷಕ ಕೂಡ ಇದನ್ನು ತಪ್ಪೆಂದು ಹೇಳದು. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲವಷ್ಟೆ. ಆದರೆ ಅದೇ ಪರೀಕ್ಷಕನಿಗೆ ವಲಯವನ್ನೆಲ್ಲ ಪೂರ್ಣ ಹೆಸರುಗಳೊಡನೆ ಬರೆದು ತೋರಿಸು ಎಂದು ಆಜ್ಞಾಪಿಸಬಹುದು. ಹಾಗೆ ಬರೆಯಿಸಿ ಓದಿದರೆ ಇಮ್ಮಡಿಸಿದ ಹೆಸರು ಕಣ್ಣಿಗೆ ಹೊಡೆಯುತ್ತದೆ.

ಶಿಷ್ಯೆ: ಮದ್ದೂರಿನಲ್ಲಿ ‘ಕಡತ’ದ ಹೆಸರಿಗೆ ಹಳೆಯ ಸಂಖ್ಯೆಯೇ, 192.168.10.5 ಎಂದೇ ಬರುತ್ತದೆ. ಅದಕ್ಕೆ ಪ್ರಿಂಟರಿನ ಪುಟ ಎಂದು ಈಗ ಅರ್ಥವಾಯಿತು. ಹಳೆಯ ನೆನಪನ್ನು ಅಳಿಸಿದರೆ ಸರಿಹೋಗುವುದೇ?

ಮೇಷ್ಟ್ರು: ಅದು ನೆನಪೋ ಅಧಿಕಾರದ ಉತ್ತರವೋ ಎಂಬುದನ್ನು ಮೊದಲು ನಿಷ್ಕರ್ಷಿಸಬೇಕು. ಉತ್ತರದ ತಲೆಯಲ್ಲಿ ‘ಎಎ’ ಎಂಬ ಗುರುತು ಇದೆಯೇ?

ಶಿಷ್ಯೆ: ಇದೆ.

ಮೇಷ್ಟ್ರು: ಹಾಗಾದರೆ ಅದು ಕೇಳಿಸಿಕೊಂಡು ಹೇಳಿದ ಮಾತಲ್ಲ, ಮದ್ದೂರಿನ ಸರ್ವರು ಈ ವಲಯಕ್ಕೆ ತಾನೂ ಅಧಿಕಾರಿಯೆಂದು ಹೇಳುತ್ತಿದೆ. ಅಲ್ಲಿ ವಲಯದ ಪ್ರತಿಯೊಂದನ್ನು ಇಟ್ಟಿದ್ದಾರೆ. ಪ್ರತಿಯೇ ಹಳೆಯದಾಗಿರುವಾಗ ನೆನಪನ್ನು ಎಷ್ಟು ಸಲ ಅಳಿಸಿದರೂ ಫಲವಿಲ್ಲ. ಮೂಲ ಬದಲಾಗಿದೆಯೆಂದು ಪ್ರತಿಗೆ ತಿಳಿಯುವುದು ಹೇಗೆಂದರೆ, ವಲಯದ ಶಿರೋಲೇಖದಲ್ಲಿ, ಎಂದರೆ ಎಸ್‌ಒಎ ದಾಖಲೆಯಲ್ಲಿ, ಒಂದು ಕ್ರಮಸಂಖ್ಯೆ ಇರುತ್ತದೆ. ವರ್ಷ, ತಿಂಗಳು, ದಿನ, ಆ ದಿನದ ಎಷ್ಟನೆಯ ತಿದ್ದುಪಡಿ ಎಂಬುದನ್ನು ಹತ್ತು ಅಂಕೆಗಳಲ್ಲಿ ಬರೆಯುವುದು ರೂಢಿ. ಆ ಸಂಖ್ಯೆ ಹೆಚ್ಚಿದ್ದರೆ ಮಾತ್ರ ಪ್ರತಿಯವನು ಹೊಸ ವಲಯವನ್ನು ತರಿಸಿಕೊಳ್ಳುತ್ತಾನೆ. ಒಳಗಿನ ಸಾಲುಗಳನ್ನೆಲ್ಲ ಬದಲಾಯಿಸಿ ಕ್ರಮಸಂಖ್ಯೆಯನ್ನು ಹಾಗೆಯೇ ಬಿಟ್ಟರೆ, ಅವನ ದೃಷ್ಟಿಯಲ್ಲಿ ಏನೂ ಬದಲಾಗಿಲ್ಲ. ಎರಡೂ ಸರ್ವರುಗಳ ಎಸ್‌ಒಎ ತರಿಸಿ ಹೋಲಿಸು. ಸಂಖ್ಯೆ ಒಂದೇ ಆಗಿದ್ದು ಉತ್ತರ ಬೇರೆಯಾಗಿದ್ದರೆ, ಕ್ರಮಸಂಖ್ಯೆ ಏರಿಸದೆ ಬಿಟ್ಟದ್ದೇ ಕಾರಣ. ಮಂಡ್ಯದ ಸರ್ವರಿನ ದಿನಚರಿಯಲ್ಲಿ, ಕ್ರಮಸಂಖ್ಯೆ ಬದಲಾಗಿಲ್ಲ, ಪ್ರತಿಗಳಿಗೆ ವಲಯ ತಲಪದೆ ಹೋಗಬಹುದು ಎಂಬ ಅರ್ಥದ ಎಚ್ಚರಿಕೆಯೂ ಬಿದ್ದಿರುತ್ತದೆ. ಸರ್ವರಿನ ದಿನಚರಿಯನ್ನು ಓದುವ ಅಭ್ಯಾಸವಿಲ್ಲದ ಕಡೆ ಇಂಥ ಎಚ್ಚರಿಕೆಗಳು ಯಾರಿಗೂ ಕಾಣದೆ ಬಿದ್ದಿರುತ್ತವೆ.

ಶಿಷ್ಯೆ: ಹಾಗಾದರೆ ಬಿಂದುವನ್ನಿಟ್ಟು, ಕ್ರಮಸಂಖ್ಯೆಯನ್ನು ಏರಿಸಿ, ವಲಯವನ್ನು ಮತ್ತೆ ಓದಿಸಿದರೆ ಮಂಡ್ಯ ಮದ್ದೂರುಗಳೆರಡೂ ಸರಿಯಾಗಬೇಕು.

ಮೇಷ್ಟ್ರು: ಮಂಡ್ಯ ಸರಿಯಾಗುತ್ತದೆ. ಮದ್ದೂರಿನ ಇನ್ನೊಂದು ದೂರನ್ನು ಮರೆಯಬೇಡ. ಹೊರಗಿನ ಹೆಸರುಗಳಿಗೆ ಅಲ್ಲಿ ಏನು ಬರುತ್ತದೆ?

ಶಿಷ್ಯೆ: ಸರ್ವ್‌ಫೇಲ್. ಯಾವ ಹೆಸರನ್ನು ಕೇಳಿದರೂ ಅದೇ. ಅದು ಶುರುವಾದದ್ದು ಕರೆಂಟು ಹೋಗಿ, ಯುಪಿಎಸ್ಸೂ ಬರಿದಾಗಿ, ಯಂತ್ರ ತಾನಾಗಿ ನಿಂತು ಮತ್ತೆ ಎದ್ದ ಮೇಲೆ ಎಂದು ಶಾಖೆಯವರು ಹೇಳುತ್ತಾರೆ.

ಮೇಷ್ಟ್ರು: ಅದೇ ಪ್ರಶ್ನೆಯನ್ನು, ಡಿಗ್ ಆಜ್ಞೆಗೆ ‘ಸಿಡಿ’ ಎಂಬ ಸೂಚನೆಯನ್ನು ಸೇರಿಸಿ ಕೇಳಿಸು. ಸಹಿಯನ್ನು ಪರೀಕ್ಷಿಸಬೇಡ, ಬಂದ ಉತ್ತರವನ್ನು ಹಾಗೆಯೇ ಕೊಡು ಎಂದು ಅದರ ಅರ್ಥ.

ಶಿಷ್ಯೆ: ಇಗೋ, ಶಾಖೆಗೆ ಫೋನು ಮಾಡಿ ಕೇಳಿಸಿದೆ. ಹಾಗೆ ಕೇಳಿದರೆ ಉತ್ತರ ಬಂತಂತೆ!

ಮೇಷ್ಟ್ರು: ಈಗ ಆ ಯಂತ್ರದ ತಾರೀಖನ್ನು ನೋಡಿ ಹೇಳಲಿ.

ಶಿಷ್ಯೆ: 2000ನೆಯ ಇಸವಿಯ ಜನವರಿ ಎಂದು ತೋರಿಸುತ್ತಿದೆಯಂತೆ, ಮೇಷ್ಟ್ರೇ.

ಮೇಷ್ಟ್ರು: ಅಲ್ಲಿಗೆ ಸಿಕ್ಕಿತು. ಉತ್ತರವನ್ನು ನಡುದಾರಿಯಲ್ಲಿ ಯಾರೂ ಬದಲಾಯಿಸದಂತೆ ಕಾಪಾಡಲು ಡಿಎನ್‌ಎಸ್‌ಸೆಕ್ ಎಂಬ ಸಹಿಯ ಏರ್ಪಾಡಿದೆ. 2010ರ ಜುಲೈಯಿಂದ ಬೇರುವಲಯಕ್ಕೇ ಸಹಿ ಬಿದ್ದಿದೆ. ಪ್ರತಿಯೊಂದು ಸಹಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಮಾನ್ಯವೆಂಬ ಅವಧಿ ಇದೆ. ಯಂತ್ರದ ಗಡಿಯಾರ 2000ಕ್ಕೆ ಹಿಂತಿರುಗಿದರೆ ಅದರ ಪಾಲಿಗೆ ಆ ಸಹಿಗಳು ಇನ್ನೂ ಜಾರಿಗೇ ಬಂದಿಲ್ಲ. ಬೇರಿನ ಸಹಿಯನ್ನೇ ನಂಬಲಾರದ ಸರ್ವರು ಅದರ ಕೆಳಗಿನ ಯಾವುದನ್ನೂ ನಂಬಲಾರದು. ಒಳಗಿನ ವಲಯಕ್ಕೆ ಮಾತ್ರ ತಾನೇ ಅಧಿಕಾರಿಯಾದ್ದರಿಂದ ಅಲ್ಲಿ ಸಹಿಯ ಪ್ರಶ್ನೆ ಏಳದೆ, ಉತ್ತರ ಬರುತ್ತಿತ್ತು. ಮದರ್‌ಬೋರ್ಡಿನ ಮೇಲೆ ನಾಣ್ಯದಾಕಾರದ ಸಿಆರ್2032 ಬ್ಯಾಟರಿಯೊಂದಿದೆ. ಕರೆಂಟಿಲ್ಲದಾಗ ಗಡಿಯಾರವನ್ನು ನಡೆಸುವುದು ಅದು. ಅದು ಸತ್ತಿದೆ.

ಶಿಷ್ಯೆ: ಆದರೆ ಯಂತ್ರ ಏಳುತ್ತಲೇ ಇಂಟರ್ನೆಟ್ಟಿನ ಕಾಲಸರ್ವರನ್ನು ಕೇಳಿ ಗಡಿಯಾರವನ್ನು ತಾನೇ ಸರಿಪಡಿಸಿಕೊಳ್ಳುವಂತೆ ಏರ್ಪಾಡಿತ್ತಲ್ಲ?

ಮೇಷ್ಟ್ರು: ಆ ಕಾಲಸರ್ವರನ್ನು ಹೆಸರಿನಿಂದ ನಮೂದಿಸಿದ್ದಾರೋ, ಸಂಖ್ಯೆಯಿಂದಲೋ?

ಶಿಷ್ಯೆ: ಹೆಸರಿನಿಂದ. ಓಹೋ! ಕಾಲ ತಿಳಿಯಬೇಕಾದರೆ ಹೆಸರಿಗೆ ಉತ್ತರ ಬೇಕು. ಹೆಸರಿಗೆ ಉತ್ತರ ಬೇಕಾದರೆ ಕಾಲ ಸರಿಯಿರಬೇಕು.

ಮೇಷ್ಟ್ರು: ತರ್ಕಶಾಸ್ತ್ರದಲ್ಲಿ ಇದನ್ನು ಅನ್ಯೋನ್ಯಾಶ್ರಯವೆನ್ನುತ್ತಾರೆ. ಅದನ್ನು ಮುರಿಯುವ ಉಪಾಯ ಸುಲಭ: ಮಂಡ್ಯದ ಸರ್ವರನ್ನೇ ಕಾಲದ ಆಧಾರವಾಗಿ, ಹೆಸರಿನಿಂದಲ್ಲದೆ ಸಂಖ್ಯೆಯಿಂದ ನಮೂದಿಸುವುದು, ಮತ್ತು ಬ್ಯಾಟರಿಯನ್ನು ಬದಲಾಯಿಸುವುದು. ಸಹಿಪರೀಕ್ಷೆಯನ್ನೇ ಕಿತ್ತುಹಾಕಿದರೂ ದೂರು ನಿಲ್ಲುತ್ತದೆ, ನಿಜ. ಆದರೆ ಅದು ಕಾವಲನ್ನು ಕಳೆದುಕೊಂಡು ಪಡೆದ ನೆಮ್ಮದಿ, ಅದನ್ನು ಮಾಡಕೂಡದು. ಇನ್ನೊಂದು ಸೂಕ್ಷ್ಮವನ್ನೂ ಗಮನಿಸು. ಮೂಲದಿಂದ ಪ್ರತಿಗೆ ವಲಯವನ್ನು ಒಯ್ಯುವಾಗ ಟಿಎಸ್‌ಐಜಿ ಎಂಬ ಗುಪ್ತಕೀಲಿಯ ಸಹಿಯನ್ನು ಬಳಸಿದ್ದರೆ, ಎರಡೂ ಗಡಿಯಾರಗಳ ನಡುವೆ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ಅಂತರವಿರಬಾರದು. ಆದ್ದರಿಂದ ನೀನು ಕ್ರಮಸಂಖ್ಯೆಯನ್ನು ಮೊದಲು ಏರಿಸಿದರೂ ಮದ್ದೂರಿಗೆ ವಲಯ ಹೋಗದೆ ಇರಬಹುದು. ಗಡಿಯಾರ ಮೊದಲು, ಕ್ರಮಸಂಖ್ಯೆ ಆಮೇಲೆ. ಒಂದನ್ನು ತಿದ್ದಿ, ಫಲವನ್ನು ಪರೀಕ್ಷಿಸಿ, ಬರೆದಿಟ್ಟುಕೊಂಡು, ಆಮೇಲೆ ಇನ್ನೊಂದಕ್ಕೆ ಕೈಹಾಕು. ಎರಡನ್ನು ಒಟ್ಟಿಗೆ ಬದಲಾಯಿಸಿದವರಿಗೆ ಯಾವುದರಿಂದ ಯಾವುದು ಸರಿಹೋಯಿತೆಂಬುದು ಎಂದಿಗೂ ತಿಳಿಯುವುದಿಲ್ಲ.

ಶಿಷ್ಯೆ: ಉಳಿದದ್ದು ಮಳವಳ್ಳಿ. ಅಲ್ಲಿಯ ಯಂತ್ರಗಳ ಪಟ್ಟಿಯಲ್ಲಿ ಮೊದಲು ಮಂಡ್ಯದ ಸರ್ವರು, ಎರಡನೆಯದಾಗಿ ಗೂಗಲ್‌ನವರ 8.8.8.8 ಇದೆ. ಮೊದಲನೆಯದಕ್ಕೆ ಹೆಸರು ಗೊತ್ತಿಲ್ಲದಿದ್ದರೆ ಎರಡನೆಯದನ್ನು ಕೇಳಲಿ ಎಂಬ ಮುಂಜಾಗ್ರತೆಯಿಂದ ಹಾಕಿದ್ದಂತೆ.

ಮೇಷ್ಟ್ರು: ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆ ಇದೇ. ಎರಡನೆಯವನನ್ನು ಕೇಳುವುದು ಮೊದಲನೆಯವನು ‘ಇಲ್ಲ’ ಎಂದಾಗ ಅಲ್ಲ, ಉತ್ತರಿಸದೆ ತಡಮಾಡಿದಾಗ. ವಿಪಿಎನ್ ಸ್ವಲ್ಪ ನಿಧಾನವಾದರೆ ಸಾಕು, ಯಂತ್ರ ಹೊರಗಿನವನನ್ನು ಕೇಳಿಬಿಡುತ್ತದೆ. ಅವನಿಗೆ ನಿಮ್ಮ ಕಚೇರಿಯ ಒಳಗಿನ ಹೆಸರು ಹೇಗೆ ತಿಳಿಯಬೇಕು? ‘ಇಂಟರ್ನಲ್’ ಎಂಬ ಕೊನೆಪದವನ್ನು ಖಾಸಗಿ ಜಾಲಗಳಿಗೆಂದೇ ಐಕ್ಯಾನ್ ಸಂಸ್ಥೆ 2024ರಲ್ಲಿ ಕಾದಿರಿಸಿದೆ. ಬೇರುವಲಯದಲ್ಲಿ ಅದು ಬರುವುದೇ ಇಲ್ಲ. ಆದಕಾರಣ ಅವನು ‘ಎನ್‌ಎಕ್ಸ್‌ಡೊಮೇನ್’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ನಿಮ್ಮ ಯಂತ್ರ ಆ ‘ಇಲ್ಲ’ವನ್ನೂ ಕೆಲಕಾಲ ನೆನಪಿಟ್ಟುಕೊಂಡು, ವಿಪಿಎನ್ ಸರಿಹೋದ ಮೇಲೂ ಅದನ್ನೇ ಹೇಳುತ್ತದೆ. ಬೆಳಿಗ್ಗೆ ಸಿಕ್ಕಿದ್ದು ಮಧ್ಯಾಹ್ನ ಸಿಕ್ಕದಿರುವುದಕ್ಕೆ ಇದೇ ಕಾರಣ. ಸಾಲಿನಲ್ಲಿ ಎಷ್ಟು ಸರ್ವರುಗಳನ್ನು ಬೇಕಾದರೂ ಇಡು. ಆದರೆ ಅವೆಲ್ಲವೂ ಒಂದೇ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಡತಕ್ಕವಾಗಿರಬೇಕು.

ಶಿಷ್ಯೆ: ಹಾಗಾದರೆ ಮಂಡ್ಯದ ಜೊತೆಗೆ ಮದ್ದೂರನ್ನು ಇಡುತ್ತೇನೆ. ಆದರೆ ವಿಪಿಎನ್ ಕಡಿದುಹೋದರೆ ಮಳವಳ್ಳಿಗೆ ಹೊರಗಿನ ಹೆಸರುಗಳೂ ಇಲ್ಲವಾಗುತ್ತವೆಯಲ್ಲ?

ಮೇಷ್ಟ್ರು: ಒಳ್ಳೆಯ ಪ್ರಶ್ನೆ, 8.8.8.8 ಅಲ್ಲಿಗೆ ಬಂದದ್ದೂ ಆ ಭಯದಿಂದಲೇ. ಅದಕ್ಕೆ ಸರಿಯಾದ ಪರಿಹಾರ, ಮದ್ದೂರಿನಲ್ಲಿರುವಂತೆ ಮಳವಳ್ಳಿಯಲ್ಲಿಯೂ ಚಿಕ್ಕದೊಂದು ಯಂತ್ರವನ್ನಿಟ್ಟು ವಲಯದ ಪ್ರತಿಯನ್ನು ಅದಕ್ಕೆ ಕೊಡುವುದು. ಒಳಗಿನ ಹೆಸರಿಗೆ ಅದು ತನ್ನ ಪ್ರತಿಯಿಂದ ಉತ್ತರಿಸಲಿ, ಹೊರಗಿನ ಹೆಸರಿಗೆ ತಾನೇ ಹೊರಗೆ ಹೋಗಿ ಕೇಳಲಿ. ವಿಪಿಎನ್ ಕಡಿದರೂ ಎಸ್‌ಒಎ ದಾಖಲೆಯಲ್ಲಿ ಬರೆದ ಅವಧಿ ಮುಗಿಯುವ ತನಕ ಪ್ರತಿ ಊರ್ಜಿತದಲ್ಲಿರುತ್ತದೆ. ಆ ಅವಧಿಯನ್ನು ವಾರಕ್ಕಿಂತ ಕಡಮೆ ಮಾಡಬೇಡ. ಯಂತ್ರಗಳಿಗೆ ಸರ್ವರಿನ ಪಟ್ಟಿಯನ್ನು ಹಂಚುವ ಡಿಎಚ್‌ಸಿಪಿ ಇರುವುದು ರೌಟರಿನಲ್ಲಿ. ಯಂತ್ರದಿಂದ ಯಂತ್ರಕ್ಕೆ ಹೋಗಿ ತಿದ್ದದೆ ಅಲ್ಲಿಯೇ ತಿದ್ದು. ಆಮೇಲೆ ವಿಂಡೋಸ್ ಯಂತ್ರಗಳಲ್ಲಿ ‘ಫ್ಲಶ್‌ಡಿಎನ್‌ಎಸ್’ ಆಜ್ಞೆಯಿಂದ ಹಳೆಯ ನೆನಪನ್ನು ತೊಳೆದುಹಾಕು.

ಶಿಷ್ಯೆ: ಇಷ್ಟೆಲ್ಲ ಮಾಡಿದ ಮೇಲೂ ಒಂದೇ ಒಂದು ಯಂತ್ರ ಮಾತ್ರ ಹಟಹಿಡಿದರೆ?

ಮೇಷ್ಟ್ರು: ಎರಡು ಕಡೆ ನೋಡು. ಎನ್‌ಎಸ್‌ಲುಕಪ್ಪಿಗೆ ಸರಿಯಾದ ಸಂಖ್ಯೆ ಬಂದು ಪಿಂಗಿಗೆ ತಪ್ಪು ಸಂಖ್ಯೆ ಬಂದರೆ, ಆ ಯಂತ್ರದ ‘ಹೋಸ್ಟ್ಸ್’ ಕಡತದಲ್ಲಿ ಯಾರೋ ತಾತ್ಕಾಲಿಕವೆಂದು ಬರೆದ ಸಾಲು ಶಾಶ್ವತವಾಗಿ ಉಳಿದಿದೆ; ಪಿಂಗ್ ಅದನ್ನು ನೋಡುತ್ತದೆ, ಎನ್‌ಎಸ್‌ಲುಕಪ್ ನೋಡುವುದಿಲ್ಲ. ಎರಡಕ್ಕೂ ಸರಿಯಾದ ಸಂಖ್ಯೆ ಬಂದು ಬ್ರೌಸರಿಗೆ ಮಾತ್ರ ಸಿಕ್ಕದಿದ್ದರೆ, ಬ್ರೌಸರು ನಿಮ್ಮ ಸರ್ವರನ್ನು ಬಿಟ್ಟು ಎಚ್‌ಟಿಟಿಪಿಎಸ್ ಮೂಲಕ ತನ್ನದೇ ಆದ ಡಿಎನ್‌ಎಸ್ಸನ್ನು ಕೇಳುತ್ತಿರಬಹುದು; ಅದನ್ನು ಅದರ ಸೆಟ್ಟಿಂಗಿನಲ್ಲಿ ನಿಲ್ಲಿಸು. ಎರಡರಲ್ಲಿಯೂ ಕಂಡುಬರುವುದು ಒಂದೇ ದೋಷ: ಒಂದು ಹೆಸರಿಗೆ ಇಬ್ಬರು ಉತ್ತರಿಸುತ್ತಿದ್ದಾರೆ.

ಶಿಷ್ಯೆ: ಈಗ ಒಟ್ಟಿಗೆ ನೋಡಿದರೆ ಮೂರೂರಿನ ತೊಂದರೆಯೂ ಅದೇ ಆಗಿ ತೋರುತ್ತದೆ. ಮಂಡ್ಯದವನು ಒಂದು ಹೇಳುತ್ತಾನೆ, ಮದ್ದೂರಿನ ಪ್ರತಿ ಇನ್ನೊಂದು ಹೇಳುತ್ತದೆ. ಮಳವಳ್ಳಿಯಲ್ಲಿ ಒಳಗಿನವನೊಬ್ಬ, ಹೊರಗಿನವನೊಬ್ಬ.

ಮೇಷ್ಟ್ರು: ಅದನ್ನು ನೀನೇ ಕಂಡುಕೊಂಡದ್ದು ಸಂತೋಷ. ತಂತ್ರಾಂಶದಲ್ಲಿ ದೋಷವಿರಲಿಲ್ಲ, ಬೈಂಡ್ ತನಗೆ ಬರೆದುಕೊಟ್ಟದ್ದನ್ನು ಅಕ್ಷರಶಃ ಪಾಲಿಸಿತು. ದೋಷವಿದ್ದದ್ದು, ಯಾವ ಹೆಸರಿಗೆ ಯಾರು ಉತ್ತರದಾಯಿ, ಅದನ್ನು ಬದಲಾಯಿಸುವವರು ಯಾರು, ಬದಲಾಯಿಸಿದಾಗ ಯಾರಾರಿಗೆ ತಿಳಿಸಬೇಕು ಎಂಬುದನ್ನು ಎಲ್ಲಿಯೂ ಬರೆದಿಡದೆ ಇದ್ದುದರಲ್ಲಿ. ಆದ್ದರಿಂದ ಕೆಲಸ ಮುಗಿದ ಮೇಲೆ ಒಂದು ಪುಸ್ತಕವನ್ನು ತೆರೆ. ಪ್ರತಿಯೊಂದು ಸರ್ವರಿನ ಹೆಸರು, ಸಂಖ್ಯೆ, ಅದು ಯಾವ ವಲಯಕ್ಕೆ ಮೂಲ, ಯಾವುದಕ್ಕೆ ಪ್ರತಿ, ತಿದ್ದಿದ ದಿನ, ಏರಿಸಿದ ಕ್ರಮಸಂಖ್ಯೆ, ತಿದ್ದಿದವರ ರುಜು, ಇಷ್ಟೂ ಅದರಲ್ಲಿರಲಿ. ಮೂರು ಊರುಗಳಲ್ಲಿಯೂ ಅದರ ಪ್ರತಿ ಕಾಗದದ ಮೇಲೆ ಇರಲಿ.

ಶಿಷ್ಯೆ: ಕಡತದ ಸರ್ವರಿನಲ್ಲಿಯೇ ಇಟ್ಟರೆ ಎಲ್ಲರಿಗೂ ಸಿಕ್ಕುವುದಿಲ್ಲವೇ?

ಮೇಷ್ಟ್ರು: ಹೆಸರುಗಳು ಕೆಟ್ಟ ದಿನ ಆ ಸರ್ವರನ್ನು ಯಾವ ಹೆಸರಿನಿಂದ ಕರೆಯುತ್ತೀಯೆ? 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್ಆಪ್, ಇನ್‌ಸ್ಟಾಗ್ರಾಂಗಳು ಸುಮಾರು ಆರು ಗಂಟೆಗಳ ಕಾಲ ಪ್ರಪಂಚಕ್ಕೆ ಕಾಣದಂತಾದುವು. ಅವರ ಆಂತರಿಕ ಜಾಲದಲ್ಲಿ ನಡೆದ ಒಂದು ತಪ್ಪು ಆಜ್ಞೆಯಿಂದ, ಡಿಎನ್‌ಎಸ್ ಸರ್ವರುಗಳಿಗೆ ಹೋಗುವ ಮಾರ್ಗಗಳೇ ಹೊರಜಗತ್ತಿಗೆ ಇಲ್ಲವಾದುವು. ದುರಸ್ತಿಗೆ ಬೇಕಾದ ಅವರ ಒಳಗಿನ ಸಾಧನಗಳೂ ಅದೇ ಜಾಲವನ್ನು, ಅದೇ ಹೆಸರುಗಳನ್ನು ಅವಲಂಬಿಸಿದ್ದರಿಂದ ದುರಸ್ತಿಯೂ ತಡವಾಯಿತು. ಅಷ್ಟು ದೊಡ್ಡವರಿಗೆ ಅನ್ವಯಿಸಿದ ನ್ಯಾಯ ಮೂರು ಕೊಠಡಿಗಳ ಕಚೇರಿಗೂ ಅನ್ವಯಿಸುತ್ತದೆ: ದುರಸ್ತಿಯ ಸಾಧನ ದುರಸ್ತಿಯಾಗಬೇಕಾದುದರ ಒಳಗೆ ಇರಕೂಡದು.

ಶಿಷ್ಯೆ: ಆ ಪುಸ್ತಕವನ್ನು ಇಂಗ್ಲಿಷಿನಲ್ಲಿ ಬರೆಯಬೇಕೆಂದು ನಮ್ಮಲ್ಲಿ ಕೆಲವರು ಹೇಳಿಯಾರು. ಇದು ಬೆಂಗಳೂರಿನವರು ಬಂದು ನೋಡಬೇಕಾದ ವಿದ್ಯೆ, ನಮ್ಮ ಶಾಖೆಗಳವರಿಗೆ ಹತ್ತುವುದಿಲ್ಲ ಎಂಬ ಅಭಿಪ್ರಾಯವೂ ಇದೆ.

ಮೇಷ್ಟ್ರು: ಆ ಅಭಿಪ್ರಾಯವನ್ನು ನಾನು ಒಪ್ಪಲಾರೆ. 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದ ಶಿವನಸಮುದ್ರದ ಕೇಂದ್ರ ಇರುವುದು ನಿಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. ಜಮೀನಿನ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಪ್ರಯೋಗವನ್ನು ಮೊದಲಿಗೇ ಹೊತ್ತವರಲ್ಲಿ ಮದ್ದೂರಿನವರಿದ್ದಾರೆ. ಹೊಸ ವಿದ್ಯೆಯನ್ನು ಕಲಿಯುವ ಶಕ್ತಿ ಈ ನೆಲಕ್ಕೆ ಎಂದೂ ಕಡಮೆಯಾಗಿರಲಿಲ್ಲ. ಆ ವಿದ್ಯೆಯನ್ನು ಇಲ್ಲಿಯವರ ಮಾತಿನಲ್ಲಿ ಕ್ರಮವಾಗಿ ಬರೆದುಕೊಡುವ ಶ್ರಮವನ್ನು ನಾವು ಪಡಲಿಲ್ಲ, ಅಷ್ಟೆ. ಬೇರುವಲಯದಲ್ಲಿಯೇ ಕನ್ನಡ ಲಿಪಿಯ ‘ಭಾರತ’ ಒಂದು ಮೇಲ್ವಲಯವಾಗಿ ಸ್ಥಾನ ಪಡೆದಿರುವ ಕಾಲದಲ್ಲಿ, ಮಳವಳ್ಳಿಯ ಗುಮಾಸ್ತೆಗೆ ಸರ್ವ್‌ಫೇಲಿಗೂ ಎನ್‌ಎಕ್ಸ್‌ಡೊಮೇನಿಗೂ ಇರುವ ಭೇದವನ್ನು ಕನ್ನಡದ ನಾಲ್ಕು ವಾಕ್ಯಗಳಲ್ಲಿ ಬರೆದುಕೊಡದಿರುವುದು ಸೋಮಾರಿತನ.

ಶಿಷ್ಯೆ: ಹಾಗಾದರೆ ಮೊದಲ ಪುಟದಲ್ಲಿ ಏನು ಬರೆಯಲಿ?

ಮೇಷ್ಟ್ರು: ಪ್ರಶ್ನೆಗಳನ್ನು ಬರೆ. ಸಂಖ್ಯೆಯಿಂದ ಕರೆದರೆ ಸಿಕ್ಕುತ್ತದೆಯೇ? ಈ ಯಂತ್ರ ಯಾರನ್ನು ಕೇಳುತ್ತಿದೆ? ಆ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಿದಾಗ ಏನೆನ್ನುತ್ತಾರೆ? ಹಾಗೆ ಹೇಳುವುದು ಅಧಿಕಾರದಿಂದಲೋ, ನೆನಪಿನಿಂದಲೋ? ಎರಡು ಉತ್ತರಗಳು ಬೇರೆಯಾಗಿದ್ದರೆ ಅವುಗಳ ಕ್ರಮಸಂಖ್ಯೆ ಯಾವುದು? ಯಂತ್ರದ ಗಡಿಯಾರ ಸರಿಯಿದೆಯೇ? ಇವನ್ನು ಈ ಕ್ರಮದಲ್ಲಿ ಕೇಳಬಲ್ಲವರು ಯಾವ ಊರಿನಲ್ಲಿದ್ದರೂ ಪರಾವಲಂಬಿಗಳಲ್ಲ. ಕೆಳಗೆ ಒಂದು ಸಾಲು ಬಿಟ್ಟು, ‘ಕಚೇರಿ’ ವಲಯದ ಹೊಣೆ ಯಾರದೆಂದು ಬರೆ. ಅಲ್ಲಿ ನಿನ್ನ ಹೆಸರೇ ಇರಲಿ; ನಿನ್ನ ಅನುಪಸ್ಥಿತಿಯಲ್ಲಿ ಯಾರೆಂಬುದನ್ನೂ ಬರೆದು, ಅವರಿಗೆ ಇದನ್ನೆಲ್ಲ ಈ ಇಪ್ಪತ್ತಕ್ಕೆ ಮುಂಚೆ ಕಲಿಸಿಬಿಡು.